ಕೆಂಪಿಯ ಮೂವತ್ತಾರು ಶೀಷೆಗಳು

"ನನ್ನ ಶೀಷೆಗಳೆಲ್ಲಿ?!"

ಸೋಮವಾರ ಬೆಳಿಗ್ಗೆ ಸೊರಬದ ತನ್ನ ಪುಟ್ಟ ಪ್ರಯೋಗಾಲಯಕ್ಕೆ ಕಾಲಿಟ್ಟ ಶ್ರೀಲತಾಳಿಗೆ ಜೀವವೇ ಬಾಯಿಗೆ ಬಂದಂತಾಯಿತು. ಶೀಷೆಗಳನ್ನು ಹೆಪ್ಪುಗಟ್ಟಿಸಿಡುವ ದ್ರವ ನೈಟ್ರೋಜನ್ ಜಾಡಿಯ ಮುಚ್ಚಳ ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ಪಕ್ಕದಲ್ಲಿ ಚನ್ನೇಶ್ ತನ್ನ ಕ್ಯಾನ್ ಹಿಡಿದು ನಿಂತಿದ್ದ.

ಚನ್ನೇಶ್ ಶಿರಾಳಕೊಪ್ಪದವನು. ಬೈಕಿಗೆ ಕ್ಯಾನ್ ಕಟ್ಟಿಕೊಂಡು ಊರೂರು ಸುತ್ತಿ ಹಸು ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಅವನ ಕಸುಬು. ಪ್ರತಿ ಶನಿವಾರ ಅವಳ ಜಾಡಿಗೂ ನೈಟ್ರೋಜನ್ ತುಂಬಿ ಹೋಗುತ್ತಿದ್ದ.

"ಇದರಲ್ಲಿ ಅವೆ ಮೇಡಂ... ಶನಿವಾರ ಬಂದಾಗ..."

"ಹೋರಿ ವೀರ್ಯ ಇಡೋ ಕ್ಯಾನೊಳಗಾ?! ದಿನಕ್ಕೆ ಇಪ್ಪತ್ತು ಸಲ ಮುಚ್ಚಳ ತೆಗೀತೀರಿ, ಮೇಲೆತ್ತಿ ನೋಡ್ತೀರಿ! ಒಂದು ಸಲ ಬಿಸಿ ತಾಗಿದ್ರೂ ಜೀವಕೋಶ ಸಾಯ್ತಾವೆ ಅಂತ ಗೊತ್ತಿಲ್ವೇನ್ರೀ?"

ನಾಲ್ಕು ವರ್ಷದ ದುಡಿಮೆ ಅದು. ಉಡುತಡಿಯ ಗೋಪಾಲಪ್ಪನವರ ಹಸು ಕೆಂಪಿ ಮರ ಬಿದ್ದು ಸತ್ತ ದಿನ, ಅದರ ಕೆಚ್ಚಲಿನ ಹಾಲುಗ್ರಂಥಿಯಿಂದ ತೆಗೆದ ಜೀವಕೋಶಗಳು. ಅವನ್ನು ಬೆಳೆಸಿ, ನಿಧಾನವಾಗಿ ಹೆಪ್ಪುಗಟ್ಟಿಸಿ, ಕೆಚ್ಚಲು ಬಾವಿನ ಔಷಧ ಪರೀಕ್ಷಿಸಲೆಂದು ಮೂವತ್ತಾರು ಶೀಷೆಗಳಲ್ಲಿ ಇಟ್ಟಿದ್ದಳು. ಅವು ಹೋದರೆ ಬೇರೆ ಇಲ್ಲ.

"ಬೀಗದ ಕೈ ಇಟ್ಟು ಹೋಗಿ. ಇನ್ಮೇಲೆ ಬರೋದು ಬೇಡ."

ಚನ್ನೇಶ್ ಏನೋ ಹೇಳಲು ಬಾಯಿ ತೆರೆದ. ಆದರೆ ಕೋಪಕ್ಕೆ ಕಿವಿ ಎಲ್ಲಿರುತ್ತದೆ? ಕ್ಯಾನನ್ನೂ ಬೀಗದ ಕೈಯನ್ನೂ ಅವಳ ಮೇಜಿನ ಬಳಿ ಇಟ್ಟು ಸುಮ್ಮನೆ ಹೊರಟುಹೋದ.

ಎರಡು ತಿಂಗಳ ಹಿಂದೆ ಇದೇ ಬಾಗಿಲಲ್ಲಿ ನಿಂತು, 'ನಾವಿಬ್ರು ಮದುವೆ ಆಗೋಣ್ವಾ?' ಎಂದು ಕೇಳಿದ್ದವನು ಅವನು. ಅವಳು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಪ್ರೀತಿ ಇಲ್ಲದೆ ಅಲ್ಲ... ಬದುಕಿನಲ್ಲಿ ಇನ್ನೊಂದನ್ನು ಹೊತ್ತುಕೊಳ್ಳುವ ತ್ರಾಣ ಇರಲಿಲ್ಲ.

'ಸದ್ಯ, ಉತ್ತರ ಕೊಡದಿದ್ದದ್ದೇ ಒಳ್ಳೇದಾಯ್ತು' ಎಂದುಕೊಂಡಳು. ಮನಸ್ಸು ಮಾತ್ರ ಒಪ್ಪಲಿಲ್ಲ.

ಕಸ ಗುಡಿಸುತ್ತಿದ್ದ ಉಚ್ಚಂಗಮ್ಮ ಪೊರಕೆ ಕೆಳಗಿಟ್ಟಳು.

"ಅವರನ್ನ ಯಾಕ್ ಬೈದ್ರಿ ಮೇಡಂ? ಶನಿವಾರ ಸಂಜೆ ನೋಡಿದ್ರೆ ಜಾಡಿ ಮೈಯೆಲ್ಲ ಬೆವರಿತ್ತು. 'ಜಾಡಿ ಕೆಟ್ಟೈತೆ, ಬೆಳಗಾಗೋದ್ರೊಳಗೆ ನೈಟ್ರೋಜನ್ ಎಲ್ಲ ಆರಿಹೋಗ್ತೈತೆ' ಅಂದ್ರು. ನಿಮಗೆ ಎಷ್ಟು ಸಲ ಫೋನ್ ಹಚ್ಚಿದ್ರು!"

ಶ್ರೀಲತಾ ಚೀಲದಿಂದ ಫೋನ್ ತೆಗೆದಳು; ಅದು ಇನ್ನೂ ಆರಿಯೇ ಇತ್ತು. ಶನಿವಾರ ಮಧ್ಯಾಹ್ನ ಫೋನ್ ಆರಿಸಿ ಮಲಗಿದವಳು ಭಾನುವಾರವೂ ಅದನ್ನು ಮುಟ್ಟಿರಲಿಲ್ಲ. ಅಷ್ಟು ಸುಸ್ತಾಗಿತ್ತು.

"ಅವರ ಕ್ಯಾನಲ್ಲಿ ಜಾಗ ಇರ್ಲಿಲ್ಲ. ತಮ್ಮ ಹೋರಿ ವೀರ್ಯದ ನಳಿಕೆ ಎಲ್ಲ ತೆಗೆದು ಆಚೆ ಹಾಕಿ, ನಿಮ್ಮ ಶೀಷೆ ಇಟ್ಟು ಮುಚ್ಚಿದ್ರು. ನಿನ್ನೆ ನಮ್ಮ ಎಮ್ಮೆ ಬೆದೆಗೆ ಬಂದಿತ್ತು. ಕರೆದ್ರೆ ಬರಿಗೈಲಿ ಬಂದು, 'ಮುಂದಿನ ಬೆದೆಗೆ ಮಾಡ್ತೀನಿ ಅವ್ವಾ, ಈಗ ಆ ಮುಚ್ಚಳ ತೆಗೆಯಂಗಿಲ್ಲ' ಅಂದ್ರು. ನಮ್ಮ ಯಜಮಾನ್ರು ಬಾಯಿಗೆ ಬಂದಂಗೆ ಬೈದ್ರು. ತಿರುಗಿ ಒಂದು ಮಾತಾಡ್ಲಿಲ್ಲ ಪುಣ್ಯಾತ್ಮ!"

ಶ್ರೀಲತಾ ಕ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡಳು.

ಒಂದು ಶೀಷೆ ತೆಗೆದು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಸಾಕು. ಸತ್ತ ಕೋಶಗಳು ನೀಲಿಯಾಗುತ್ತವೆ. ಹತ್ತು ನಿಮಿಷದ ಕೆಲಸ. ಕೈ ಕ್ಯಾನಿನ ಮುಚ್ಚಳದವರೆಗೂ ಹೋಯಿತು... ಮತ್ತೆ ಹಿಂದಕ್ಕೆ ಬಂತು.

ಅವಳು ಎದ್ದು ಶಿರಾಳಕೊಪ್ಪದ ಬಸ್ಸು ಹತ್ತಿದಳು.

ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಚನ್ನೇಶ್ ತೂಕಡಿಸುತ್ತಿದ್ದ. ಎರಡು ದಿನದ ಗಡ್ಡ, ಬಾಡಿದ ಮುಖ.

"ಚನ್ನೇಶ್..."

ದಡಕ್ಕನೆ ಎದ್ದ. "ಬದುಕಿದಾವಾ?"

"ಗೊತ್ತಿಲ್ಲ. ಇನ್ನೂ ನೋಡಿಲ್ಲ."

"ನೋಡ್ದೆ ಬಂದ್ರಾ?! ನಾಲ್ಕು ವರ್ಷದ್ದು ಕಣ್ರೀ!"

"ಅವು ಬದುಕಿರ್ಲಿ, ಸತ್ತಿರ್ಲಿ... ನಾನು ನಿಮ್ಮನ್ನ ಅಂದದ್ದು ತಪ್ಪು. ಅದನ್ನ ಮೊದಲು ಹೇಳ್ಬೇಕಿತ್ತು." ಅವಳ ಕಣ್ಣು ತುಂಬಿ ಬಂತು. "ಶೀಷೆ ಹೋಯ್ತು ಅನ್ನೋದಕ್ಕಿಂತ ನೀವು ಹೋಗಿದ್ದೇ ಜಾಸ್ತಿ ನೋವಾಯ್ತು ರೀ."

ಅವನು ಬೆಂಚಿನಲ್ಲಿ ಜಾಗ ಮಾಡಿ, ತನ್ನ ಚಹಾವನ್ನು ಅವಳತ್ತ ಸರಿಸಿದ.

"ನೀವು ಕೇಳಿದ್ರಲ್ಲ, ಎರಡು ತಿಂಗಳ ಹಿಂದೆ..."

"ಹೂಂ."

"ಆಗ್ಲಿ. ಮದುವೆ ಆಗೋಣ."

ಚನ್ನೇಶ್ ಅವಳ ಮುಖವನ್ನೇ ನೋಡಿದ. ತುಟಿಯಂಚಿನಲ್ಲಿ ನಗು ಮೂಡಿತು. "ಸುಸ್ತಾಗಿ ಒಪ್ಪಿಕೊಳ್ತಿದೀರಾ ಹೆಂಗೆ?"

"ಹೌದು ರೀ... ಎಲ್ಲಾನೂ ಒಬ್ಬಳೇ ನೋಡಿ ನೋಡಿ ಸುಸ್ತಾಗಿದೀನಿ. ಬನ್ನಿ, ಆ ಶೀಷೆನಾದ್ರೂ ಇಬ್ರೂ ಸೇರಿ ನೋಡೋಣ."