ಬಲಗಡೆ ಗೋಡೆಯಿಲ್ಲದ ನೀರು

"ರೂಪಾಲಿಯವರ, ಎತ್ತ ಹೊಂಟೀರಿ? ಬ್ರಿಡ್ಜ್ ಈ ಕಡಿ ಐತ್ರಿ!"

ರೂಪಾಲಿ ನೀರಿನಿಂದ ತಲೆ ಎತ್ತಿ ನೋಡಿದರೆ ಕಲ್ಲಿನಾಥನ ಮಾತು ನಿಜ. ಸೇತುವೆಯ ಕಡೆಗೇ ಈಜುತ್ತಿದ್ದೇನೆ ಅಂದುಕೊಂಡವಳು ಎಡದಂಡೆಯ ಜಾಲಿಗಿಡಗಳತ್ತ ಹೊರಟಿದ್ದಳು. ದಂಡೆಯ ಬಂಡೆಯ ಮೇಲೆ ಕುಳಿತಿದ್ದ ಕಲ್ಲಿನಾಥ ಮೀಸೆ ತಿರುವುತ್ತಿದ್ದ. ನಗು ತಡೆಯಬೇಕಾದಾಗಲೆಲ್ಲ ಅವನು ಮೀಸೆಗೆ ಕೈ ಹಾಕುತ್ತಾನೆ ಎಂಬುದು ಅವಳಿಗೆ ಈಗ ಗೊತ್ತು.

"ನಗಬೇಕಂದ್ರ ನಗ್ರಿ. ಮೀಸಿ ಕಿತ್ತು ಕೈಗೆ ಬಂದೀತು."

"ನಿಮ್ದೇನ್ ತಪ್ಪಿಲ್ರಿ. ತಪ್ಪು ನಮ್ಮ ಬಾವೀದು."

ದುಬಲಗುಂಡಿಯ ಅವನ ಹೊಲದಲ್ಲಿ ಒಂದು ದುಂಡನೆಯ ಹಳೇ ಬಾವಿ ಇದೆ. ಸುತ್ತಲಿನ ಹಳ್ಳಿಯ ಮಕ್ಕಳೆಲ್ಲ ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಈಜು ಕಲಿಯುವುದು ಅಲ್ಲೇ. ಅಲ್ಲಿ ಒಂದೇ ಕಾನೂನು: ಗೋಡೆ ಸದಾ ಬಲಗಡೆಗೆ ಇರಬೇಕು, ಎಲ್ಲರೂ ಒಂದೇ ದಿಕ್ಕಿಗೆ ಸುತ್ತಬೇಕು. ಇಲ್ಲದಿದ್ದರೆ ತಲೆಗೆ ತಲೆ ಡಿಕ್ಕಿ. ಹಾಗೆ ಕಲಿತವರನ್ನು ಹೊಳೆಗೆ ಬಿಟ್ಟರೆ ಮೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಗೋಡೆಯೇ ಇಲ್ಲದ ನೀರಿನಲ್ಲಿ ನೆಟ್ಟಗೆ ಹೋಗುವುದು ಅವಳಿಗೆ ಇನ್ನೂ ಬಂದಿರಲಿಲ್ಲ.

ರೂಪಾಲಿ ಬಸವಕಲ್ಯಾಣದಲ್ಲಿ ಬ್ಲೌಸ್ ಹೊಲಿಯುವವಳು. ಅವಳ ಗಂಡ ಧನರಾಜ ಕೆಲವು ವರ್ಷದ ಹಿಂದೆ ಇದೇ ಕಾರಂಜಾ ಹೊಳೆಯಲ್ಲಿ ಎತ್ತಿನ ಮೈ ತೊಳೆಯಲು ಇಳಿದಾಗ ನೀರು ಏರಿ ಬಂತು. ಎತ್ತುಗಳು ಈಜಿ ದಡ ಸೇರಿದವು. ಅವನು ಸಿಕ್ಕಿದ್ದು ಆ ಜಾಲಿಗಿಡಗಳ ಬುಡದಲ್ಲಿ.

ಹೋದ ಬೇಸಿಗೆಯಲ್ಲಿ ಅವಳು ಕಲ್ಲಿನಾಥನ ಬಾವಿಗೆ ಬಂದು ನಿಂತಿದ್ದಳು. "ಹೊಳಿ ಹೆಸರ ಕೇಳಿದ್ರ ಕೈಕಾಲು ನಡಗತಾವ್ರಿ. ಹಿಂಗ ಬದುಕೂದು ನನಗ ಬ್ಯಾಡ. ಈಜು ಕಲಸ್ರಿ" ಎಂದಿದ್ದಳು. ಅವನು ಅಯ್ಯೋ ಪಾಪ ಅನ್ನಲಿಲ್ಲ. ಸುಮ್ಮನೆ ಬೆಂಡು ತಂದು ಕೈಗೆ ಕೊಟ್ಟ. ಅವತ್ತೇ ಅವಳಿಗೆ ಅವನ ಮೇಲೆ ಭರವಸೆ ಹುಟ್ಟಿತು. ಭರವಸೆ ಯಾವಾಗ ಬೇರೆ ಏನೋ ಆಯಿತು ಎಂಬುದು ಅವಳಿಗೂ ಗೊತ್ತಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ, ಬಸವಕಲ್ಯಾಣಕ್ಕೆ ಹಾಲು ಹಾಕಲು ಬಂದವನು ಅವಳ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ.

"ನಾವು ಕುರಿ ಎಮ್ಮಿ ಕಾಯೋ ಮಂದಿ, ನೀವು ಲಿಂಗಾಯತ್ರು. ಕೇಳಬಾರದೇನೋ. ಆದರ ಕೇಳದ ಇರಾಕ ಆಗವಲ್ದು. ನನ್ನ ಕೂಡ ಲಗ್ನ ಆಗಿ ಬಾಳೇ ಮಾಡ್ತೀರೇನ್ರಿ?"

ಜಾತಿ ಮೀರಿದ ಒಂದು ಲಗ್ನಕ್ಕಾಗಿ ಹಿಂದೆ ರಕ್ತ ಹರಿದ ಊರು ಅದು. ವೇದಿಕೆ ಹತ್ತಿ ಆ ಕಥೆ ಹೇಳಲು ಎಲ್ಲರಿಗೂ ಬಾಯಿ ಬರುತ್ತದೆ, ಸ್ವಂತ ಓಣಿಯಲ್ಲಿ ನಡೆದರೆ ಮಾತ್ರ ಮುಖ ಕಪ್ಪಾಗುತ್ತದೆ. ಆದರೆ ರೂಪಾಲಿಗೆ ಓಣಿಯ ಭಯವಿರಲಿಲ್ಲ. ತನ್ನ ಭಯವೇ ತನಗೆ ಹೆಚ್ಚಾಗಿತ್ತು. ಇವನು ಬೇಕು ಅನ್ನಿಸುವುದು ಪ್ರೀತಿಯೋ, ಮುಳುಗುವವರು ಹುಲ್ಲುಕಡ್ಡಿ ಹಿಡಿಯುವ ಆಸೆಯೋ?

"ಮುಂದಿನ ತಿಂಗಳ ಹುಮನಾಬಾದದವರು ಹೊಳ್ಯಾಗ ರೇಸ್ ಇಟ್ಟಾರಲ್ಲ, ಅದನ್ನ ಈಜಿ ನಿಮಗ ಜವಾಬು ಹೇಳ್ತೀನ್ರಿ" ಎಂದಳು. "ಆದರ ನೀರಾಗ ನನ್ನ ಹತ್ತಿರ ಬರಬ್ಯಾಡ್ರಿ. ಮುಟ್ಟಬ್ಯಾಡ್ರಿ, ಕೂಗಿ ದಾರಿ ತೋರಸಬ್ಯಾಡ್ರಿ. ನೀವು ಕೈ ಹಿಡದು ದಾಟಿಸಿದ್ರ, ನಾ ಹ್ಞೂಂ ಅಂದಿದ್ದು ಪ್ರೀತಿಗೋ ಅಂಜಿಕಿಗೋ ನನಗೇ ತಿಳಿಯಂಗಿಲ್ಲ. ಬಂದ್ರ ನನ್ನ ಜವಾಬು 'ಒಲ್ಲೆ' ಅಂತ ತಿಳ್ಕೋರಿ."

"ಮುಳುಗಿದ್ರ?"

"ಮುಳುಗಿದ್ರ ಬರ್ರಿ. ಅದಕ್ಕೂ ಮೊದಲ ಬ್ಯಾಡ."

ಅವನು ಮೀಸೆಗೆ ಕೈ ಹಾಕಲಿಲ್ಲ. "ಆತ್ರಿ" ಎಂದು ಗಾಡಿ ಹತ್ತಿದ.

ಮನೆಯಲ್ಲಿ ಅತ್ತೆ ಸಂಗಮ್ಮನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ರೂಪಾಲಿ ಏನನ್ನೂ ಮುಚ್ಚಿಡಲಿಲ್ಲ. ರೇಸ್‌ನ ಮಾತೂ ಹೇಳಿದಳು, ಕಲ್ಲಿನಾಥನ ಮಾತೂ ಹೇಳಿದಳು. "ಆ ನೀರಿಗೆ ಒಬ್ಬನ್ನ ಕೊಟ್ಟೀನಿ, ಸಾಕು" ಎಂದಷ್ಟೇ ಅಂದು ಮುದುಕಿ ಮಾತು ಬಿಟ್ಟಳು. ಆದರೂ ರೇಸ್‌ನ ದಿನ ಯಾರೂ ಕರೆಯದಿದ್ದರೂ ಬಂದು ಹೊಳೆಗೆ ಹೊರಟ ಜೀಪಿನಲ್ಲಿ ಕುಳಿತಿದ್ದಳು. ದಾರಿಯುದ್ದಕ್ಕೂ ಕಿಟಕಿಯಾಚೆಗೆ ಮುಖ.

ಹೊಳೆಯ ದಂಡೆಯಲ್ಲಿ ಜನವೋ ಜನ. ಹೆಣ್ಣುಮಕ್ಕಳು ಹೊಳೆಗೆ ಉಡಿ ತುಂಬಿ ಅರಿಷಿಣ ಕುಂಕುಮ ಬಿಟ್ಟರು. ಡ್ರಿಲ್ ಮಾಸ್ತರ ವೀರಭದ್ರಪ್ಪ ಸೀಟಿ ಬಾಯಿಗಿಟ್ಟುಕೊಂಡರು. ಗಂಡು ಹೆಣ್ಣು ಎಲ್ಲರೂ ಒಟ್ಟಿಗೇ ಇಳಿಯಬೇಕು, ಮೇಲಿನ ಗುಡಿಯಿಂದ ಕೆಳಗಿನ ಸೇತುವೆಯವರೆಗೆ ಹೋಗಬೇಕು. ಹೋದ ಸಲ ಗೆದ್ದವನು ಕಲ್ಲಿನಾಥ, ಈ ಸಲವೂ ಅವನೇ ಅಂತ ಮಂದಿ ಮಾತಾಡುತ್ತಿದ್ದರು. ಅವನು ಒಂದೇ ಒಂದು ಸಲ ಅವಳ ಕಡೆ ನೋಡಿದ. ಆ ನೋಟದಲ್ಲಿ ತಮಾಷೆ ಇರಲಿಲ್ಲ. ರೂಪಾಲಿ ಕಣ್ಣು ತಗ್ಗಿಸಿದಳು.

ಸೀಟಿ ಕೂಗಿತು.

ಮೊದಮೊದಲು ಚೆನ್ನಾಗಿತ್ತು. ನೀರು ತಣ್ಣಗಿತ್ತು, ಉಸಿರು ಹದಕ್ಕೆ ಬಂದಿತ್ತು. ಸುತ್ತಲಿನ ಸದ್ದು ಕಡಿಮೆಯಾಗುತ್ತ ಹೋದದ್ದು ಅವಳ ಗಮನಕ್ಕೇ ಬರಲಿಲ್ಲ. ಕೈಗೆ ಏನೋ ಚುಚ್ಚಿತು.

ಜಾಲಿಯ ಕೊಂಬೆ.

ಎಲ್ಲರೂ ಅಷ್ಟು ದೂರ ಹೋಗಿದ್ದಾರೆ, ತಾನು ಮಾತ್ರ ಇಲ್ಲಿ, ಧನರಾಜ ಸಿಕ್ಕ ಜಾಗದಲ್ಲಿ. ಕಾಲು ಕಲ್ಲಾದವು. ಬಾಯಿಗೆ ನೀರು ನುಗ್ಗಿ ಕೆಮ್ಮು ಬಂತು. ಕೊಂಬೆ ಹಿಡಿದುಕೊಂಡು ತಿರುಗಿ ನೋಡಿದಳು.

ನಡುಹೊಳೆಯಲ್ಲಿ ಒಂದು ತಲೆ ನಿಂತಲ್ಲೇ ನಿಂತಿತ್ತು.

ಕಲ್ಲಿನಾಥ ಮುಂದೆ ಹೋಗಿರಲಿಲ್ಲ. ಹರಿವಿಗೆ ಎದುರಾಗಿ ಕೈ ಬಡಿಯುತ್ತ, ಇದ್ದಲ್ಲೇ ಇರಲು ಹೆಣಗುತ್ತಿದ್ದ. ನಾಲ್ಕು ಸಲ ಕೈ ಬೀಸಿದರೆ ಅವಳ ಹತ್ತಿರ ಬರಬಹುದಿತ್ತು. ಬರಲಿಲ್ಲ. ಬಾಯಿ ತೆರೆದ, ಏನೂ ಕೂಗದೆ ಮುಚ್ಚಿದ. ಅವನ ಮುಖ ನೋಡಿ ರೂಪಾಲಿಗೆ ಮೊದಲು ಸಿಟ್ಟೇ ಬಂತು. ಎಂಥಾ ಮನುಷ್ಯ ಇವನು, ಅಷ್ಟು ಹೇಳಿದರೆ ಅಷ್ಟೇ ಕೇಳುವುದೇ? ಮರುಕ್ಷಣ ಅರ್ಥವಾಯಿತು. ಬರುವುದು ಅವನಿಗೆ ಸುಲಭ. ಬಾರದೆ ನಿಲ್ಲುವುದೇ ಅವನ ಜೀವ ಹಿಂಡುತ್ತಿದೆ. ಅವಳ ಮಾತಿಗಾಗಿ ಅವನು ರೇಸನ್ನೂ ಬಿಟ್ಟು ಆ ಸಂಕಟದಲ್ಲಿ ನಿಂತಿದ್ದಾನೆ. ಅವಳಿಗೆ ನೀರಿನಲ್ಲೇ ಅಳು ಬಂತು.

ಕೊಂಬೆಯ ಮೇಲಿನ ಕೈ ಸಡಿಲಿಸಿದಳು. ಮನೆಯಿಂದ ಹೊರಡುವಾಗ ಯಾರೂ "ಹೋಗ್ತೀನಿ" ಅನ್ನುವುದಿಲ್ಲ, "ಬರ್ತೀನಿ" ಅನ್ನುವುದೇ ರೂಢಿ. ಅವಳು ಆ ಗಿಡಗಳ ಕಡೆ ನೋಡಿ ಮೆಲ್ಲಗೆ, "ಇನ್ನ ನಾ ಹೋಗ್ತೀನ್ರಿ" ಎಂದಳು.

ಬಲಕ್ಕೆ ತಲೆ ಹೊರಳಿಸಿ ಉಸಿರು ತೆಗೆದಾಗ ದೂರದ ಬಲದಂಡೆಯ ಮೇಲೆ ಒಂದು ಹಸಿರು ಸೀರೆ ಕಂಡಿತು. ಸಂಗಮ್ಮ. ಕಲ್ಲುಮುಳ್ಳು ನೋಡದೆ, ಸೊಸೆಯ ಮೇಲಿನ ಕಣ್ಣು ಕೀಳದೆ, ದಂಡೆಗುಂಟ ನಡೆಯುತ್ತಿದ್ದಳು. ರೂಪಾಲಿ ಆ ಹಸಿರನ್ನೇ ಬಲಗಡೆಗೆ ಇಟ್ಟುಕೊಂಡಳು. ಮುದುಕಿ ನಡೆದಷ್ಟೂ ಅವಳು ಈಜಿದಳು. ಎಡಕ್ಕೆ ಒಂದು ಮೊಳವೂ ಸರಿಯಲಿಲ್ಲ.

ಸೇತುವೆ ಮುಟ್ಟಿದಾಗ ಅವಳ ಹಿಂದೆ ಉಳಿದಿದ್ದವನು ಒಬ್ಬನೇ. ಅವಳು ದಂಡೆ ಹತ್ತಿದ ಮೇಲೆಯೇ ಅವನು ಬಂದ. ಸೊಂಟದಷ್ಟು ನೀರಿನಲ್ಲಿ ನಿಂತ, ಮೇಲೆ ಹತ್ತಲಾಗಲಿಲ್ಲ. ಹರಿವಿಗೆ ಎದುರು ಅಷ್ಟು ಹೊತ್ತು ಬಡಿದಾಡಿ ಕಾಲು ಸೆಟೆದುಕೊಂಡಿದ್ದವು. ಹುಡುಗರು ನಗತೊಡಗಿದರು. "ಹೋದ ವರ್ಷದ ಚಾಂಪಿಯನ್ ಲಾಸ್ಟ್ ಬಂದಾನ್ರೋ!"

ರೂಪಾಲಿ ಮತ್ತೆ ನೀರಿಗಿಳಿದಳು. ಅವನ ಮುಂದೆ ನಿಂತು ಕೇಳಿದಳು.

"ನಾ ಆ ಕೊಂಬಿ ಬಿಡದ ಅಲ್ಲೇ ನಿಂತಿದ್ರ ಏನ್ ಮಾಡ್ತಿದ್ರಿ?"

"ನಾನೂ ಅಲ್ಲೇ ನಿಂತಿರ್ತಿದ್ದೆ."

"ಮುಳುಗಿದ್ರ?"

"ಮುಳುಗಿದ್ರ ನಿಮ್ಮ ಜವಾಬು ಯಾರಿಗೆ ಬೇಕಿತ್ರಿ? ಎಳಕೊಂಡ ಬರ್ತಿದ್ದೆ. ಆಮ್ಯಾಲ ಜನ್ಮಪೂರ್ತಿ ಮಾತಾಡ್ಸದಿದ್ರೂ ಚಿಂತಿಲ್ಲ, ನೀವು ಇರ್ತಿದ್ರಿ." ಅವನ ಹಲ್ಲು ಕಟಕಟ ಅನ್ನುತ್ತಿದ್ದವು.

ಅವಳು ಕೈ ಚಾಚಿದಳು.

ಅವನು ಆ ಕೈ ನೋಡಿದ. ದಂಡೆಯ ಮೇಲಿನ ಮಂದಿಯನ್ನು ನೋಡಿದ. "ಎಲ್ಲಾರೂ ನೋಡಾಕತ್ತಾರ್ರಿ. ನಿಮ್ಮ ಅತ್ತೀನೂ ಅಲ್ಲೇ ನಿಂತಾರ."

"ನೋಡ್ಲಿ. ಜವಾಬು ಬೇಕಂದಿದ್ರಲ್ಲ? ಇದಽ ನನ್ನ ಜವಾಬು. ಹಿಡೀರಿ."

ಅವನು ಹಿಡಿದ. ರೂಪಾಲಿ ಕೆಸರಿನಲ್ಲಿ ಕಾಲೂರಿ, ಇದ್ದ ಬಲವೆಲ್ಲ ಹಾಕಿ ಎಳೆದಳು. ಒಬ್ಬನನ್ನು ಒಯ್ದ ಹೊಳೆಯಿಂದ ಇನ್ನೊಬ್ಬನನ್ನು ತನ್ನ ಕೈಯಾರೆ ದಂಡೆಗೆ ತಂದಳು.

ಜನರನ್ನು ಸರಿಸಿಕೊಂಡು ಸಂಗಮ್ಮ ಬಂದಳು. ಕಾಲಲ್ಲಿ ಮುಳ್ಳು ಚುಚ್ಚಿ ರಕ್ತ ಬಂದಿತ್ತು. ಸೊಸೆಯ ಒದ್ದೆ ತಲೆಯ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ಕಲ್ಲಿನಾಥನ ಕಡೆ ತಿರುಗಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಯಾರರ ಇಂವಗ ಮೊದ್ಲ ಬಿಸಿ ಚಾ ಕೊಡ್ರೋ" ಎಂದು ಹಿಂದೆ ತಿರುಗಿ ಕೂಗಿದಳು. "ಎಷ್ಟೊತ್ತ ಆ ನೀರಾಗ ನಿಂತಿದ್ದ, ನಾ ನೋಡೀನಿ."