ರಾಶಿಯ ಮೇಲಿನ ಕಲ್ಲು

ಮೂರು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಸಿಮೆಂಟ್ ಲಾರಿಯೊಂದು ಬಿಡದೆ ಹಾರ್ನು ಹೊಡೆಯುತ್ತ ಆಸ್ಪತ್ರೆಯ ಗೇಟಿನೊಳಗೆ ನುಗ್ಗಿತು. ಡ್ರೈವರು ಕೆಳಗೆ ಹಾರಿ, ಪಕ್ಕದ ಸೀಟಿನಿಂದ ಒಬ್ಬ ಪೊಲೀಸಿನವನನ್ನು ಮಗುವಿನಂತೆ ಎತ್ತಿಕೊಂಡು ಒಳಗೆ ಓಡಿದ. ನಾಲ್ಕರ ಹೊತ್ತಿಗೆ ಅದೇ ಡ್ರೈವರು ಹೆದ್ದಾರಿಯ ಚೌಕಿಯಲ್ಲಿ, ಕೈಗೆ ಬೇಡಿ ಹಾಕಿಸಿಕೊಂಡು, ಬೆಂಚಿನ ತುದಿಯಲ್ಲಿ ಕೂತಿದ್ದ. ದಾರಿಯವರೆಲ್ಲ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಆ ಮೀಸೆಯೂ ಈಗ ಜೋತುಬಿದ್ದಿತ್ತು.

"ಅಕ್ಕಾ, ಎತ್ತಿದ್ದೇ ತಪ್ಪಾಯ್ತಾ?" ಎಂದು ಅವನು ಮತ್ತೆ ಮತ್ತೆ ಕೇಳುತ್ತಿದ್ದದ್ದು ಕಾವಲಿಗೆ ನಿಂತ ಹುಡುಗಿಯನ್ನು.

ಅವಳು ಪೊಲೀಸ್ ಬಟ್ಟೆ ಹಾಕಿ ಆರು ತಿಂಗಳಾಗಿತ್ತು. ಅಜ್ಜಿಯ ಕತೆ ಕೇಳಿ ಬೆಳೆದವಳು. ಏರು ಹತ್ತುವ ಲಾರಿಗಳನ್ನು ನೋಡುತ್ತ ನಿಂತರೆ ಲೋಕ ಮರೆಯುತ್ತಿದ್ದಳು. ಅದಕ್ಕೇ ಚೌಕಿಯ ದಫೇದಾರಮ್ಮ ಅವಳಿಗೆ ಕನಸುಗಣ್ಣಿ ಎಂದು ಹೆಸರಿಟ್ಟಿದ್ದರು. ಎಲ್ಲಿ ಏನು ಕಳುವಾದರೂ, ಯಾರು ಕಾಣೆಯಾದರೂ ಆ ದಾರಿಯವರು ಮೊದಲು ಓಡಿ ಬರುತ್ತಿದ್ದದ್ದು ದಫೇದಾರಮ್ಮನ ಹತ್ತಿರ. ಅವರು ಹೋದಲ್ಲೆಲ್ಲ ಹಿಂದೆಯೇ ಹೋಗಿ, ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು ಕನಸುಗಣ್ಣಿಯ ಕೆಲಸ.

ಪೆಟ್ಟು ತಿಂದವನು ಚೌಕಿಯ ಹಳೆಯ ಕಾನ್‌ಸ್ಟೇಬಲ್. ಡ್ರೈವರುಗಳ ಬಾಯಲ್ಲಿ ಅವನು ಮಾವ. ಊಟವಾದ ಮೇಲೆ ಎರಡು ಗಂಟೆಗೆ ಸ್ಟಿಯರಿಂಗಿನ ಮುಂದೆ ರೆಪ್ಪೆಗಳು ಹೇಳದೆ ಕೇಳದೆ ಕೂಡಿಕೊಳ್ಳುತ್ತವೆ. ಮಾವ ಆ ಹೊತ್ತಿನಲ್ಲಿ ಲಾರಿಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಕಾಗದಪತ್ರ ಕೇಳುತ್ತಿರಲಿಲ್ಲ, ಪೀಪಾಯಿಯಿಂದ ಒಂದು ಮಗ್ ನೀರು ಕೊಡುತ್ತಿದ್ದ. "ಮೊದಲು ಮುಖ ತೊಳಿ, ಆಮೇಲೆ ಮಾತಾಡು." ಆಮೇಲೆ ಚಹಾ. ಏರಿನಲ್ಲಿ ನಿಂತವರು ಲಾರಿ ಜಾರದಂತೆ ಗಾಲಿಗೆ ಅಡ್ಡ ಕೊಟ್ಟ ಕಲ್ಲನ್ನು ದಾರಿಯಲ್ಲೇ ಬಿಟ್ಟು ಹೊರಟರೆ ಮಾತ್ರ ಮಾವ ಮಾವನಾಗಿರುತ್ತಿರಲಿಲ್ಲ. "ಹಿಂದೆ ಸ್ಕೂಟರಿನವನು ಬರ್ತಾನೆ ಕಣಲೇ! ನೀನು ಬಿಟ್ಟ ಕಲ್ಲು ಅಂದ್ರೆ ನೀನು ತೆಗೆದ ಜೀವ!" ಎಂದು ಬೈದು, ಕಲ್ಲನ್ನು ಪೀಪಾಯಿಯ ಪಕ್ಕದ ರಾಶಿಗೆ ಹಾಕಿಸುತ್ತಿದ್ದ.

"ಲಾರಿ ಗುದ್ದಿದವನು ಇವನೇ," ಎಂದರು ಠಾಣೆಯಿಂದ ಬಂದಿದ್ದ ಸಾಹೇಬರು, ಗಡಿಯಾರ ನೋಡುತ್ತ. "ತಪ್ಪಿಲ್ಲದವನು ಈ ಕಾಲದಲ್ಲಿ ಯಾಕ್ರೀ ನಿಲ್ಲಿಸ್ತಾನೆ? ಆರಕ್ಕೆ ವ್ಯಾನ್ ಬರುತ್ತೆ."

"ಆರರ ತನಕ ನನಗೆ ಬಿಡಿ ಸಾರ್," ಎಂದರು ದಫೇದಾರಮ್ಮ. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದರು: "ಇವನು ಜೈಲಿಗೆ ಹೋದ ಅಂತ ಸುದ್ದಿ ಹಬ್ಬಲಿ, ಕನಸುಗಣ್ಣಿ. ನಾಳೆ ನೀನೋ ನಾನೋ ಇಲ್ಲಿ ಬಿದ್ದಿದ್ರೆ ಒಬ್ಬನೂ ಬ್ರೇಕ್ ಮುಟ್ಟೋದಿಲ್ಲ."

ರಕ್ತದ ಕಲೆಯಿದ್ದದ್ದು ಚೌಕಿಯ ಮಗ್ಗುಲಲ್ಲೇ, ಏರು ಹತ್ತುವ ಲಾರಿಗಳು ನಿಲ್ಲುವ ಕಡೆ. ಅಲ್ಲಿಂದ ಎರಡು ಹೆಜ್ಜೆಯಲ್ಲಿ ಮಾವನ ಸ್ಟೂಲು, ಮೇಲೆ ಕೆಟಲ್ಲು, ಸಕ್ಕರೆ ಡಬ್ಬಿ, ತುಂಬಿದ ಒಂದು ಲೋಟ. ಚಹಾದ ಮೇಲೆ ಕೆನೆ ಕಟ್ಟಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ದಫೇದಾರಮ್ಮ ಬೆರಳದ್ದಿ ನಾಲಗೆಗೆ ಮುಟ್ಟಿಸಿ ಮುಖ ಸಿಂಡರಿಸಿದರು.

"ಸಪ್ಪೆ. ಮಾವನ ಕೈಯ ಚಹಾ ಸಪ್ಪೆ! ಬರ್ಕೋ."

ಕನಸುಗಣ್ಣಿ ಬರೆದುಕೊಂಡಳು. ನೀರಿನ ಮಗ್ ನೆಲದಲ್ಲಿ ಉರುಳಿತ್ತು. ಅದು ಯಾವಾಗಲೂ ಕಲ್ಲಿನ ರಾಶಿಯ ತುದಿಯಲ್ಲಿ, ರಾಜನ ಕಿರೀಟದಂತೆ, ಬೋರಲಾಗಿ ಕೂತಿರುತ್ತಿತ್ತು. ಈಗ ಅದರ ಜಾಗದಲ್ಲಿ ಒಂದು ಕಲ್ಲಿತ್ತು. ಕಲ್ಲಿನ ಒಂದು ಮಗ್ಗುಲಿಗೆ ಟೈರಿನ ಕಪ್ಪು ಹೊಸದಾಗಿ ಹತ್ತಿತ್ತು. ಮುಟ್ಟಿದರೆ ಬೆರಳಿಗೆ ಅಂಟಿತು.

ಎದುರಿನ ಪಂಕ್ಚರ್ ಅಂಗಡಿಯ ಕಾಕ ಹೇಳಿದ: "ಊಟ ಮಾಡಿ ಕೂತಲ್ಲೇ ತೂಕಡಿಸ್ತಿದ್ದೆ ತಾಯಿ. ಕಣ್ಣು ಬಿಟ್ಟಾಗೊಮ್ಮೆ ಹಾಲಿನ ಟ್ಯಾಂಕರ್ ಇತ್ತು, ಇನ್ನೊಮ್ಮೆ ಇಟ್ಟಿಗೆ ಲಾರಿ, ಎರಡೂ ಮೇಲೆ ಹೋಗೋವು. ಆಮೇಲೆ ಮೀಸೆ ಕೆಳಗಿಳಿದು ಬಂದ. ಅವನ ಹಾರ್ನಿಗೇ ನಂಗೆ ಪೂರ್ತಿ ಎಚ್ಚರ ಆಗಿದ್ದು."

ಮೀಸೆಯ ಲಾರಿಯನ್ನು ಆಸ್ಪತ್ರೆಯಿಂದ ತಂದು ಚೌಕಿಯ ಹಿಂದೆ ನಿಲ್ಲಿಸಿದ್ದರು. ಅದರ ಹೊಟ್ಟೆಯ ಕೆಳಗೆ, ಗಾಲಿಗೆ ಕೊಡುವ ಮರದ ಎರಡು ತುಂಡುಗಳು ಸರಪಳಿಯಲ್ಲಿ ನೇತಾಡುತ್ತಿದ್ದವು.

ಅಷ್ಟರಲ್ಲಿ ಸುದ್ದಿ ಹಬ್ಬಿ, ಹೋದ ಲಾರಿಗಳು ತಿರುಗಿ ಬರತೊಡಗಿದವು. ಐದೂವರೆಗೆ ಚೌಕಿಯ ಮುಂದೆ ಹತ್ತು ಹನ್ನೆರಡು ಡ್ರೈವರುಗಳು ಕುಕ್ಕರುಗಾಲಲ್ಲಿ ಕೂತಿದ್ದರು. ಹಾಲಿನ ಟ್ಯಾಂಕರಿನವನೂ ಇದ್ದ. ಹೋದ ವಾರ ತೂಕಡಿಸುತ್ತ ಬಂದನೆಂದು ಮಾವ ಕೀಲಿ ಕಿತ್ತುಕೊಂಡು ಅವನನ್ನು ಎರಡು ಗಂಟೆ ಮಲಗಿಸಿದ್ದ. ಹಾಲು ಒಡೆದು, ಅವನು ಮಾವನ ವಂಶವನ್ನೆಲ್ಲ ಬಾಯಿಗೆ ಬಂದಂತೆ ಬೈದಿದ್ದ. ಎಲ್ಲರ ಕಣ್ಣೂ ಅವನ ಮೇಲಿತ್ತು.

"ಯಾಕ್ರಯ್ಯಾ ನನ್ನೇ ನೋಡ್ತೀರಾ? ಬೈಯೋ ಬಾಯಿ ಬೇರೆ, ಕೊಲ್ಲೋ ಕೈ ಬೇರೆ!" ಎಂದು ಅವನು ಗದರಿದ. ಅವನ ಕಣ್ಣೂ ಒದ್ದೆಯಾಗಿತ್ತು.

ಕೊನೆಗೆ ಇಳಿದು ಬಂದದ್ದು ಇಟ್ಟಿಗೆ ಲಾರಿ. ಅದರ ಮುದುಕ ಡ್ರೈವರನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಮುಂದಿನ ಗಾಲಿಗೆ ಕಲ್ಲು ಕೊಟ್ಟು ಅಜ್ಜ ಇತ್ತ ನಡೆದ. ಅವನ ಬಲಗಾಲಿನ ಚಪ್ಪಲಿ ನಡುದಾರಿಯಲ್ಲೇ ಕಳಚಿ ಉಳಿಯಿತು. ಅವನು ಬರಿಗಾಲಲ್ಲೇ ಬಂದು ಕೂತ. ಕನಸುಗಣ್ಣಿ ಓಡಿಹೋಗಿ ತಂದು ಮುಂದಿಟ್ಟಳು.

"ಅಜ್ಜಾ, ನಿಮ್ಮ ಚಪ್ಪಲಿ."

"ಅಯ್ಯೋ, ಬಿತ್ತಾ ಮಗಾ?" ಎಂದು ಅಜ್ಜ ಕಾಲು ನೋಡಿಕೊಂಡ.

"ಎಲ್ಲರಿಗೂ ಚಹಾ ಕೊಡು," ಎಂದರು ದಫೇದಾರಮ್ಮ. "ಮಾವ ಇದ್ದಿದ್ರೆ ಕೊಡ್ತಿದ್ದ."

ಅವಳು ಬಗ್ಗಿಸುತ್ತ ಹೋದಳು. ಟ್ಯಾಂಕರಿನವನು ಸಕ್ಕರೆ ಡಬ್ಬಿಯನ್ನೇ ಎಳೆದುಕೊಂಡು ಐದು ಚಮಚ ಸುರಿದುಕೊಂಡ. "ಇರುವೆಯೂ ಹೆದರಿ ಓಡೋ ಚಹಾ," ಎಂದು ಯಾರೋ ಅಂದರೂ ಯಾರೂ ನಗಲಿಲ್ಲ. ಮೀಸೆ ಬೇಡಿಯ ಕೈಯಲ್ಲೇ ಎರಡು ಚಮಚ ಹಾಕಿಸಿಕೊಂಡ. ಅಜ್ಜ, "ನಂಗೆ ಹಾಗೇ ಕೊಡು ಮಗಾ," ಎಂದ. ಅವಳು ಹಾಗೇ ಕೊಟ್ಟಳು. ಅವಳ ಮನಸ್ಸೆಲ್ಲ ರಾಕ್ಷಸನನ್ನು ಹುಡುಕುತ್ತಿತ್ತು. ಅಜ್ಜಿಯ ಕತೆಯಲ್ಲಾದರೆ ಒಬ್ಬ ರಾಕ್ಷಸ ಇರಲೇಬೇಕು.

ದಫೇದಾರಮ್ಮ ಎದ್ದು ನಿಂತರು.

"ಸಾರ್, ಇಳಿಜಾರಲ್ಲಿ ಬಂದ ಸಿಮೆಂಟ್ ಲಾರಿ ಹೊಡೆದಿದ್ರೆ ಮಾವ ಇಲ್ಲಿ ಸಿಗ್ತಿರಲಿಲ್ಲ, ಹತ್ತು ಮಾರು ಆಚೆ ಸಿಗ್ತಿದ್ದ. ಸ್ಟೂಲು ಚೂರಾಗ್ತಿತ್ತು. ಇಲ್ಲಿ ಲೋಟದ ಚಹಾ ತುಳುಕಿಲ್ಲ. ಅಂದ್ರೆ ಲಾರಿ ಓಡ್ತಿರಲಿಲ್ಲ, ನಿಂತಲ್ಲಿಂದ ಜಾರಿತು. ಈ ಮಗ್ಗುಲಲ್ಲಿ ಮೇಲ್ಮುಖವಾಗಿ ನಿಂತ ಲಾರಿ, ಹಿಂದಕ್ಕೆ."

"ಮೇಲೆ ಹೋದ ಲಾರಿಗಳು ಎರಡು," ಎಂದರು ಸಾಹೇಬರು, ಟ್ಯಾಂಕರಿನವನತ್ತ ತಿರುಗಿ.

"ಟ್ಯಾಂಕರ್ ಹೊಸದು. ಅದಕ್ಕೆ ಹ್ಯಾಂಡ್‌ಬ್ರೇಕ್ ಸಾಕು, ಕಲ್ಲು ಬೇಡ. ಮೀಸೆಯ ಹತ್ತಿರ ಮರದ ತುಂಡಿದೆ, ಅವನಿಗೂ ಕಲ್ಲು ಬೇಡ. ಈ ಕಲ್ಲು ನೋಡಿ, ಟೈರಿನ ಕಪ್ಪು ಇನ್ನೂ ಹಸಿ. ಹ್ಯಾಂಡ್‌ಬ್ರೇಕ್ ಹಿಡಿಯದ ಲಾರಿಗೆ ಕೊಟ್ಟಿದ್ದ ಕಲ್ಲಿದು. ಈಗ ಲಾರಿಗಳಲ್ಲಿ ಕ್ಲೀನರ್ ಇಲ್ಲ. ಕಲ್ಲು ತೆಗೆಯೋವಾಗ ಬ್ರೇಕ್ ತುಳಿದು ಕೂರೋಕೆ ಒಬ್ಬ ಬೇಕು, ತೆಗೆಯೋಕೆ ಇನ್ನೊಬ್ಬ. ಆ ಇನ್ನೊಬ್ಬ ನಮ್ಮ ಮಾವ."

ಯಾರೋ ಲೋಟ ಕೆಳಗಿಟ್ಟ ಸದ್ದಾಯಿತು.

"ಆಮೇಲೆ ಕಲ್ಲನ್ನ ರಾಶಿಗೆ ಹಾಕಿದ್ದು ಯಾರು? ಮಾವ ಅಲ್ಲ, ಅವನು ಮಗ್ ಉರುಳಿಸಿ ಅದರ ಜಾಗದಲ್ಲಿ ಕಲ್ಲಿಡೋನಲ್ಲ. ಓಡಿಹೋಗೋ ಕೆಟ್ಟವನಾಗಿದ್ರೆ ಕಲ್ಲು ದಾರಿಯಲ್ಲೇ ಬಿದ್ದಿರ್ತಿತ್ತು. ಆದ್ರೆ ಇವನು ಮಾವನ ಬೈಗುಳ ತಿಂದು ಪಳಗಿದವನು. ರಕ್ತ ನೋಡಿ ಬುದ್ಧಿ ಹಾರಿಹೋದ್ರೂ ಕೈಗೆ ಅಭ್ಯಾಸ ನೆನಪಿತ್ತು. ಕಲ್ಲು ಎತ್ತಿ ರಾಶಿಗೆ ಹಾಕಿ ಓಡಿದ." ಅವರು ಸ್ಟೂಲಿನ ಮೇಲಿನ ಲೋಟ ತೋರಿಸಿದರು. "ಮಾವ ಬಗ್ಗಿಸಿಟ್ಟಿದ್ದ ಚಹಾಕ್ಕೆ ಸಕ್ಕರೆ ಇರಲಿಲ್ಲ. ಈ ದಾರಿಯಲ್ಲಿ ಸಕ್ಕರೆ ಇಲ್ಲದೆ ಕುಡಿಯೋದು ಒಬ್ಬರೇ. ಚಪ್ಪಲಿ ಕಳಚಿದ್ದೂ ಗೊತ್ತಾಗದ ಕಾಲು, ಬ್ರೇಕಿನ ಮೇಲಿಂದ ಜಾರಿದ್ದು ಹೇಗೆ ಗೊತ್ತಾಗಬೇಕು? ಅಲ್ವಾ, ಅಜ್ಜಾ?"

ಕನಸುಗಣ್ಣಿ ಬರೆಯುವುದನ್ನು ನಿಲ್ಲಿಸಿದಳು.

ಅಜ್ಜ ಅಲ್ಲಗಳೆಯಲಿಲ್ಲ. "ಲಾರಿನ ಸ್ವಲ್ಪ ಮುಂದೆ ನೆರಳಿಗೆ ಹಾಕಿ ಬಾ, ಅಷ್ಟರಲ್ಲಿ ಚಹಾ ಆರಲಿ ಅಂದ ಮಾವ," ಎಂದ. "ತುಳಿದೇ ಇದ್ದೀನಿ ಅಂದ್ಕೊಂಡಿದ್ದೆ ತಾಯಿ. ದೇವರಾಣೆ, ತುಳಿದೇ ಇದ್ದೀನಿ ಅಂದ್ಕೊಂಡಿದ್ದೆ. ಸಕ್ಕರೆ ಕಾಯಿಲೆ ಆ ಕಾಲನ್ನ ತಿಂದುಬಿಟ್ಟಿದೆ. ಇಳಿದು ನೋಡ್ದೆ, ಸತ್ತೇಹೋದ ಅನ್ನಿಸ್ತು. ಏರಿನ ತುದಿ ತನಕ ಹೋದೆ. ಅಲ್ಲಿಂದ ಮುಂದೆ ಹೋಗೋಕಾಗ್ಲಿಲ್ಲ. ತಿರುಗಿ ಬಂದ್ರೆ ಈ ಮೀಸೆಗೆ ಬೇಡಿ ಹಾಕಿ ಕೂರಿಸಿದಾರೆ. ಹೇಳ್ಬೇಕು ಅಂತ್ಲೇ ಬಂದು ಕೂತೆ. ಬಾಯಿ ಬರ್ಲಿಲ್ಲ."

"ಈ ಸ್ಥಿತಿಯ ಲಾರಿಯನ್ನ ದಾರಿಗೆ ಬಿಟ್ಟವರು ಯಾರು?" ಎಂದು ಸಾಹೇಬರು ಗುಡುಗಿದರು.

"ನಾವೇ ಸಾರ್," ಎಂದರು ದಫೇದಾರಮ್ಮ. "ಹಿಡಿದು ಹಾಕಿದ್ರೆ ಅಜ್ಜನ ಒಲೆ ಆರುತ್ತೆ ಅಂತ ಮಾವ ದಿನಾ ಕಲ್ಲು ತೆಗೆದುಕೊಟ್ಟ. ನಾನು ದಿನಾ ನೋಡಿದೆ. ಸಹಾಯ ಅಂದ್ಕೊಂಡೆ."

ಒಳಗೆ ಫೋನು ಬಡಿದುಕೊಂಡಿತು. ಕನಸುಗಣ್ಣಿ ಹೋಗಿ ಎತ್ತಿದಳು. ಆಸ್ಪತ್ರೆಯ ನರ್ಸು. ಜೀವಕ್ಕೆ ಭಯವಿಲ್ಲ, ಕಾಲು ಮಾತ್ರ ಉಳಿಯುವುದಿಲ್ಲ. ಎಚ್ಚರವಾದಾಗ ಮಾವ ಒಂದೇ ಮಾತು ಹೇಳಿದನಂತೆ, ನಾನೇ ಜಾರಿಬಿದ್ದೆ ಅಂತ ಬರ್ಕೊಳ್ಳಿ, ಎಂದು.

ಅವಳು ಹೊರಗೆ ಬಂದು ಹೇಳಿದಳು. ಪುಸ್ತಕ ಬಿಚ್ಚಿದಳು. "ಏನು ಬರೀಲಿ ದಫೇದಾರಮ್ಮಾ?"

"ಕಂಡದ್ದು ಬರಿ," ಎಂದರು ಅವರು, ಅವಳ ಮುಖ ನೋಡದೆ. "ನಾನು ನೋಡಿಯೂ ಸುಮ್ಮನಿದ್ದದ್ದೂ ಬರಿ."

ಆರು ಗಂಟೆಗೆ ವ್ಯಾನ್ ಬಂತು. ಅಜ್ಜನನ್ನು ಹತ್ತಿಸುವಾಗ ಮತ್ತೆ ಚಪ್ಪಲಿ ಕಳಚಿತು. ಟ್ಯಾಂಕರಿನವನು ಬಗ್ಗಿ ತೊಡಿಸಿದ. ಸಾಹೇಬರ ಡ್ರೈವರು ಇಟ್ಟಿಗೆ ಲಾರಿಯನ್ನು ತುಸು ಹಿಂದೆ ಸರಿಸಿ, ಕಲ್ಲನ್ನು ದಾರಿಯಲ್ಲೇ ಬಿಟ್ಟು, ಅದನ್ನು ಸುತ್ತಿ ವ್ಯಾನಿನ ಹಿಂದೆ ಹೊರಟುಹೋದ.

ಬೇಡಿ ಬಿಚ್ಚಿದ ಮೇಲೆ ಮೀಸೆ ಮಣಿಕಟ್ಟು ಉಜ್ಜಿಕೊಳ್ಳುತ್ತ ನಿಂತ. "ಇನ್ನೊಂದು ಲೋಟ ಕುಡಿದು ಹೋಗಣ್ಣ," ಎಂದಳು ಕನಸುಗಣ್ಣಿ.

"ಬೇಡಕ್ಕ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ದಾರಿಯಲ್ಲಿ ಯಾರು ಬಿದ್ದಿದ್ರೂ ನಾನು ನಿಲ್ಸೋದಿಲ್ಲ. ಹೆತ್ತಪ್ಪ ಬಿದ್ದಿದ್ರೂ ಎರಡು ಸಲ ಯೋಚಿಸ್ತೀನಿ."

ದಫೇದಾರಮ್ಮ ಬಿಚ್ಚಿದ ಬೇಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕನಸುಗಣ್ಣಿ ಖಾಲಿ ಲೋಟಗಳನ್ನು ಕೂಡಿಸಿದಳು; ಅಜ್ಜಿಯ ಯಾವ ಕತೆಯೂ ಹೀಗೆ ಮುಗಿಯುತ್ತಿರಲಿಲ್ಲ.

ಸಿಮೆಂಟ್ ಲಾರಿ ಹೊರಟಿತು. ನಾಲ್ಕು ಮಾರು ಹೋಗಿ ಬ್ರೇಕಿನ ಕೆಂಪು ದೀಪ ಹೊತ್ತಿತು. ಮೀಸೆ ಇಳಿದ. ಇಟ್ಟಿಗೆ ಲಾರಿಯ ಕಲ್ಲು ದಾರಿಯ ಮೇಲೆ ಹಾಗೇ ಬಿದ್ದಿತ್ತು. ಅದನ್ನು ಎತ್ತಿ ಎದೆಗೊತ್ತಿಕೊಂಡು ನಡೆದುಬಂದ. ರಾಶಿಗೆ ಹಾಕಿದ. ನೆಲದಲ್ಲಿದ್ದ ಮಗ್ಗನ್ನು ಹುಡುಕಿ, ತುದಿಯಲ್ಲಿ ಬೋರಲು ಇಟ್ಟ. ಇವರಿಬ್ಬರ ಕಡೆ ತಿರುಗಿಯೂ ನೋಡದೆ ಹೋಗಿ ಲಾರಿ ಹತ್ತಿದ.