ಹಾಲೇಶಪ್ಪನ ಕೈ ತಡೆದ ಅಲ್ಮಾಸ

"ಕುತ್ತಿಗಿಗೆ ಕೈ ಹಚ್ಚಬ್ಯಾಡ್ರಿ!"

ಅಲ್ಮಾಸ ಚೀರಿದ್ದಕ್ಕೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರೆಲ್ಲ ತಿರುಗಿ ನೋಡಿದರು. ಚೀಲದ ಮೇಲೆ ಕುಳಿತಿದ್ದವನು ಅವಳ ದಾದಾ ಬುಡನಸಾಬ, ನಲವತ್ತು ವರ್ಷ ಚೀಲ ಹೊತ್ತ ಅಜ್ಜ. ಅವನ ಗದ್ದ ಹಿಡಿದು ನಿಂತಿದ್ದವನು ಹಾಲೇಶಪ್ಪ. ಯಾವ ಹಮಾಲನ ಕುತ್ತಿಗೆ ಉಳುಕಿದರೂ ಇವನೇ ಡಾಕ್ಟರು. ಗದ್ದ ಹಿಡಿದು ಲಟಕ್ ಅನಿಸಿದನೆಂದರೆ ಮುಗಿಯಿತು.

"ಏ ಹುಡುಗಿ, ನೀ ಹುಟ್ಟೂಕಿಂತ ಮೊದಲಿಂದ ಕುತ್ತಿಗಿ ಉಳುಕು ತಗಿಯಾಕತ್ತೇನಿ. ನೀ ನನಗ ಕಲಸ್ತೀಯೇನು?"

ಅಲ್ಮಾಸಳಿಗೆ ಅಂಜಿಕೆಯಾಯಿತು. ಹಿರಿಯರಿಗೆ ಎದುರಾಡಬಾರದು ಎಂದು ಮನೆಯಲ್ಲಿ ದಿನಾ ಹೇಳುತ್ತಾರೆ. ಆದರೆ ಆಗಷ್ಟೇ ದಾದಾನ ಕೈಯಿಂದ ಚಹಾದ ಗ್ಲಾಸು ಜಾರಿತ್ತು. ಬಾಯಿ ಸೊಟ್ಟಗಾಗಿ ಮಾತು ತೊದಲಿತ್ತು. ಹತ್ತು ನಿಮಿಷಕ್ಕೆ ಎಲ್ಲ ಸರಿಹೋದದ್ದೇ ತಡ, "ಕುತ್ತಿಗಿ ನರ ಹಿಡದೈತಿ" ಎಂದು ಹಮಾಲರು ತೀರ್ಮಾನಿಸಿಬಿಟ್ಟರು.

"ಇದು ಉಳುಕಲ್ರಿ ಕಾಕಾ! ಸಾಲಿಗೆ ಬಂದಿದ್ದ ನರ್ಸಕ್ಕ ಹೇಳ್ಯಾರ. ಬಾಯಿ ಸೊಟ್ಟಾಗಿ, ಕೈ ಸೋತು, ಮಾತು ತೊದಲಿದ್ರ ಲಗೂನ ದವಾಖಾನಿಗೆ ಹೋಗಬೇಕಂತ. ತಾನ ಸರಿ ಆದ್ರೂ ಬಿಡಬಾರದಂತ!"

ಅವಳು ಹಾಲೇಶಪ್ಪನ ಮುಂಗೈಗೆ ಜೋತುಬಿದ್ದಳು. ಅವನು ಸಿಟ್ಟಿನಿಂದ ಕೈ ಕೊಡವಿಕೊಂಡು ಹೋದ. "ಈಕಿ ಬಿಡಾಕಿ ಅಲ್ಲ, ನಡಿ ಮಾರಾಯ್ತಿ" ಎಂದು ದಾದಾ ಆಟೋ ಹತ್ತಿದ.

ಹಾವೇರಿಯ ದವಾಖಾನೆಯಲ್ಲಿ ಡಾಕ್ಟರ್ ನಿರ್ಮಲಾ ದಾದಾನ ಕುತ್ತಿಗೆಗೆ ತಣ್ಣನೆಯ ಜೆಲ್ ಹಚ್ಚಿ, ಸ್ಕ್ಯಾನಿಂಗ್ ಯಂತ್ರದ ಹಿಡಿಕೆ ಆಡಿಸಿದರು. ಪರದೆಯ ಮೇಲೆ ರಕ್ತನಾಳ ಕಂಡಿತು. ಅದರೊಳಗೆ ಕಪ್ಪನೆಯ ಗಂಟು.

"ಇಲ್ಲಿ ಜಿಡ್ಡು ಕೂತೈತಿ. ಗಟ್ಟಿ ಇದ್ದಿದ್ರ ಇಷ್ಟು ಚಿಂತಿ ಇರತಿದ್ದಿಲ್ಲ. ಇದು ಮೆತ್ತಗೈತಿ, ಮ್ಯಾಲಿನ ಪದರ ತೆಳ್ಳಗೈತಿ. ಇದರ ಸಣ್ಣ ಚೂರು ಮೆದುಳಿಗೆ ಹೋಗಿರಬೇಕು. ಅದಕ್ಕ ಕೈ ಸೋತಿತ್ತು."

"ಕುತ್ತಿಗಿ ತಿರುವಿದ್ದರ?" ಅಲ್ಮಾಸ ಕೇಳಿದಳು.

"ದೊಡ್ಡ ಚೂರು ಕಿತ್ತು ಹೋಗಬಹುದಿತ್ತು. ಜೀವಕ್ಕ ಅಪಾಯ. ಚಲೋ ಟೈಮಿಗೆ ಬಂದೀರಿ."

ದಾದಾ ಪರದೆಯನ್ನೇ ನೋಡುತ್ತಿದ್ದ. "ನಾವು ಒಣಮೆಣಸಿನಕಾಯಿ ಚೀಲ ಬಿಚ್ಚಿ, ಮೊಳಕೈತನಕ ಕೈ ಹಾಕಿ ಒಳಗ ಅಡಗಿದ ಹಸಿ ಕಾಯಿ ಹುಡುಕ್ತೀವಿ. ನೀವು ಬಿಚ್ಚಲಾರದ ಹಿಡದ್ರಲ್ರಿ ಮೇಡಂ!"

ಹುಬ್ಬಳ್ಳಿಯಲ್ಲಿ ಜಿಡ್ಡು ತೆಗೆಯುವ ಆಪರೇಷನ್ ಆಯಿತು. ತಿಂಗಳಾದ ಮೇಲೆ ದಾದಾ ಮಾರುಕಟ್ಟೆಗೆ ಬಂದ. ಅಂದು ಸೋತಿದ್ದ ಕೈಯಲ್ಲೇ ಚಹಾದ ಗ್ಲಾಸು ಎತ್ತಿ ಹಿಡಿದ. ಒಂದು ಹನಿಯೂ ಚೆಲ್ಲಲಿಲ್ಲ. "ಹುಲಿ ಬಂತು ಹುಲಿ!" ಹಮಾಲರು ಸಿಳ್ಳೆ ಹೊಡೆದರು. ಅಲ್ಮಾಸಳಿಗೆ ಕುಣಿಯುವಷ್ಟು ಖುಷಿ. ಆದರೆ ಹಾಲೇಶಪ್ಪ ಅವಳನ್ನು ಮಾತಾಡಿಸಿ ತಿಂಗಳಾಗಿತ್ತು.

ಅಷ್ಟರಲ್ಲಿ ಹಮಾಲನೊಬ್ಬ ಕುತ್ತಿಗೆ ಹಿಡಿದುಕೊಂಡು ಬಂದು ಹಾಲೇಶಪ್ಪನ ಮುಂದೆ ಕುಳಿತ.

"ಮೊದಲ ನಕ್ಕು ತೋರಸು. ಎರಡೂ ಕೈ ಎತ್ತು. ನಿನ್ನ ಹೆಸರು ಹೇಳು" ಎಂದ ಹಾಲೇಶಪ್ಪ. ಆಮೇಲೆ ಕೂಗಿದ. "ಅಲ್ಮಾಸ, ಬಾ ಇಲ್ಲೆ. ಇವನ ಬಾಯಿ ಸೊಟ್ಟ ಐತೇನು ನೋಡು."

ಅವಳು ಓಡಿಬಂದು ದಿಟ್ಟಿಸಿದಳು. "ನೆಟ್ಟಗೈತ್ರಿ ಕಾಕಾ."

"ಆದ್ರೂ ನಾ ತಿರುವಂಗಿಲ್ಲಪ. ಡಾಕ್ಟರಿಗೆ ತೋರಸು, ನಡಿ."

ಎದುರಾಡಿದ್ದಕ್ಕೆ ಸಾರಿ ಎನ್ನುವ ಮಾತು ತಿಂಗಳಿಂದ ಅಲ್ಮಾಸಳ ನಾಲಿಗೆಯ ತುದಿಯಲ್ಲಿತ್ತು. ಈಗ ಅದು ಬೇಕೇ ಆಗಲಿಲ್ಲ. ಹಾಲೇಶಪ್ಪ ಚೀಲದ ಮೇಲೆ ಸರಿದು ಜಾಗ ಕೊಟ್ಟ. ಅವಳು ಅವನ ಪಕ್ಕದಲ್ಲಿ ಕುಳಿತಳು.